ದರ ಅದೇ, ಬಿಲ್ಲು ಮಾತ್ರ ಏರಿದ್ದೇಕೆ? ಮನೆ ತೆರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಈ ವರ್ಷ ಆಸ್ತಿ ತೆರಿಗೆಯ ದರ ಏರಿಸಿಲ್ಲ ಎಂದು ಸ್ಥಳೀಯ ಸಂಸ್ಥೆ ಹೇಳಿದೆ. ಆದರೂ ನಮ್ಮ ಮನೆಯ ಬಿಲ್ಲು 40,000ದಿಂದ 47,800ಕ್ಕೆ ಏರಿದೆ. ಇದರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ?

ಉತ್ತರ: ಯಾರೂ ಸುಳ್ಳು ಹೇಳದೆಯೂ ಹೀಗಾಗುತ್ತದೆ. ನಿಮ್ಮ ಮನೆಗೆ ಅವರು ನಿಗದಿ ಮಾಡಿದ ಮೌಲ್ಯವನ್ನು ದರದಿಂದ ಗುಣಿಸುತ್ತಾರೆ, ಅದರಲ್ಲಿ ರಿಯಾಯಿತಿ ಕಳೆಯುತ್ತಾರೆ, ಉಪಕರ ಮತ್ತು ಶುಲ್ಕ ಸೇರಿಸುತ್ತಾರೆ. ಈ ನಾಲ್ಕರಲ್ಲಿ ದರವನ್ನಷ್ಟೇ ಸಭೆಯಲ್ಲಿ ಚರ್ಚಿಸುತ್ತಾರೆ, ಪತ್ರಿಕೆಗಳು ಅಚ್ಚು ಹಾಕುವುದೂ ಅದನ್ನೇ. ಉಳಿದ ಮೂರು ಸದ್ದಿಲ್ಲದೆ ಬದಲಾಗುತ್ತವೆ.

ನಿಮ್ಮ ಲೆಕ್ಕ ಹೀಗಿದ್ದಿರಬಹುದು. ಹೋದ ವರ್ಷ ಮನೆಯ ಮೌಲ್ಯ 42 ಲಕ್ಷ, ದರ ಶೇ. 1, ತೆರಿಗೆ 42,000. ಸ್ವಂತ ವಾಸಕ್ಕೆಂದು 2,000 ರಿಯಾಯಿತಿ ಸಿಕ್ಕಿ 40,000ಕ್ಕೆ ಇಳಿಯಿತು. ಈ ವರ್ಷ ಮೌಲ್ಯ 46 ಲಕ್ಷ, ದರ ಅದೇ ಶೇ. 1, ತೆರಿಗೆ 46,000. ರಿಯಾಯಿತಿಯ ಅರ್ಜಿ ನವೀಕರಿಸಲಿಲ್ಲವಾದ್ದರಿಂದ ಅದು ಬಿದ್ದುಹೋಯಿತು. ಕಸ ವಿಲೇವಾರಿ ಶುಲ್ಕವೆಂದು 1,800 ಹೊಸದಾಗಿ ಸೇರಿ ಒಟ್ಟು 47,800 ಆಯಿತು. ಏರಿದ 7,800ರಲ್ಲಿ ದರದ ಪಾಲು ಸೊನ್ನೆ.

ಎರಡೂ ವರ್ಷದ ಬಿಲ್ಲನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ಮೌಲ್ಯ ಬದಲಾಗಿದ್ದರೆ ಹೋಗಬೇಕಾದ್ದು ಮೌಲ್ಯಮಾಪನ ವಿಭಾಗಕ್ಕೆ, ರಿಯಾಯಿತಿ ಬಿಟ್ಟುಹೋಗಿದ್ದರೆ ಕಂದಾಯ ವಿಭಾಗಕ್ಕೆ. ಶುಲ್ಕದ ಮೇಲೆ ಸಾಮಾನ್ಯವಾಗಿ ಮೇಲ್ಮನವಿಯೇ ಇರುವುದಿಲ್ಲ. ಯಾವ ಸಾಲು ಏರಿದೆ ಎಂದು ನೋಡದೆ ಕಚೇರಿಗೆ ಹೋದರೆ ಮೇಜಿನಿಂದ ಮೇಜಿಗೆ ಅಲೆಯುವುದೇ ಆಗುತ್ತದೆ.

ಪ್ರಶ್ನೆ: ಒಂದು ಊರಲ್ಲಿ ಆಸ್ತಿ ತೆರಿಗೆ ಶೇ. 20, ಇನ್ನೊಂದರಲ್ಲಿ ಶೇ. 0.6 ಎಂದು ಓದಿದೆ. ಇಷ್ಟು ಅಂತರ ಹೇಗೆ ಸಾಧ್ಯ?

ಉತ್ತರ: ಯಾವುದರ ಮೇಲೆ ಶೇಕಡಾ ಎಂಬುದನ್ನು ಮೊದಲು ಕೇಳಬೇಕು. ಶೇ. 20 ಎನ್ನುವ ಕಡೆ ತೆರಿಗೆ ಬೀಳುವುದು ವರ್ಷದ ಬಾಡಿಗೆಗೆ ಸಮನಾದ ಒಂದು ಅಂದಾಜಿನ ಮೇಲೆ. ಶೇ. 0.6 ಎನ್ನುವ ಕಡೆ ಮನೆಯ ಪೂರ್ತಿ ಬೆಲೆಯ ಮೇಲೆ.

ಬೆಂಗಳೂರು 2008ರಲ್ಲಿ ತಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ ಮೊದಲನೆಯ ಬಗೆಯದು. ಊರನ್ನು ಆರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ ಚದರಡಿಗೆ ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿದರು. ಅದನ್ನು ವಿಸ್ತೀರ್ಣದಿಂದ ಗುಣಿಸಿ, ದುರಸ್ತಿಗೆ ಎರಡು ತಿಂಗಳು ಬಿಟ್ಟು ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರ ಶೇ. 20 ವಾಸದ ಮನೆಯ ತೆರಿಗೆ. ಸಾವಿರ ಚದರಡಿ, ಘಟಕ ದರ 2 ಎಂದುಕೊಂಡರೆ 1,000 × 2 × 10 = 20,000. ಸವಕಳಿ ಬಿಟ್ಟು ನೋಡಿದರೆ ತೆರಿಗೆ 4,000, ಅದರ ಮೇಲೆ ಉಪಕರ. ದೆಹಲಿ 2004ರಿಂದ ಎಂಟು ವರ್ಗಗಳ ಇಂಥದೇ ಪದ್ಧತಿಯಲ್ಲಿದೆ. ಮುಂಬೈ 2010ರಿಂದ ಬಂಡವಾಳ ಮೌಲ್ಯದ ಪದ್ಧತಿಗೆ, ಅಂದರೆ ಮನೆಯ ಪೂರ್ತಿ ಬೆಲೆಯ ಮೇಲೆ ತೆರಿಗೆ ಹಾಕುವ ಎರಡನೆಯ ಬಗೆಗೆ ಹೊರಳಿತು. ಅಮೆರಿಕದಲ್ಲಿ ಹಲವೆಡೆ ಶೇಕಡಾ ಬಿಟ್ಟು 'ಮಿಲ್' ಎನ್ನುತ್ತಾರೆ. ಒಂದು ಮಿಲ್ ಎಂದರೆ ಸಾವಿರಕ್ಕೆ ಒಂದು. 12 ಮಿಲ್ ಅಂದರೆ ಶೇ. 1.2.

ಹೋಲಿಸಲು ನಂಬಬಹುದಾದ ಅಳತೆ ಒಂದೇ: ವರ್ಷಕ್ಕೆ ಕೈಯಿಂದ ಹೋಗುವ ಒಟ್ಟು ಮೊತ್ತವನ್ನು ಮನೆಯ ಇಂದಿನ ಮಾರಾಟದ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಅದು ನಿಜವಾಗಿ ಬೀಳುವ ದರ. ಒಂದು ಊರು ಪೂರ್ತಿ ಬೆಲೆಯ ಮೇಲೆ ಶೇ. 0.8 ಹಾಕುತ್ತದೆ, ಇನ್ನೊಂದು ಅರ್ಧ ಬೆಲೆಯ ಮೇಲೆ ಶೇ. 1.4 ಹಾಕುತ್ತದೆ ಎಂದುಕೊಳ್ಳಿ. ಕಾಗದದ ಮೇಲೆ ದುಬಾರಿಯಾಗಿ ಕಾಣುವ ಎರಡನೆಯ ಊರಿನಲ್ಲಿ ನಿಜವಾಗಿ ಬೀಳುವುದು ಶೇ. 0.7.

ಪ್ರಶ್ನೆ: ಹತ್ತು ವರ್ಷದ ಮೇಲೆ ಊರಿನ ಆಸ್ತಿಗಳ ಮರುಮೌಲ್ಯಮಾಪನ ಆಗಿದೆ. ನಮ್ಮ ಮನೆಯ ಮೌಲ್ಯ ಶೇ. 60 ಏರಿದೆ. ತೆರಿಗೆಯೂ ಶೇ. 60 ಏರುತ್ತದೆಯೇ?

ಉತ್ತರ: ಅದು ನಿಮ್ಮ ಊರು ದರವನ್ನು ಹೇಗೆ ಕಟ್ಟುತ್ತದೆ ಎನ್ನುವುದರ ಮೇಲೆ ನಿಂತಿದೆ.

ಒಂದು ಬಗೆಯಲ್ಲಿ ಆಯವ್ಯಯ ಮೊದಲು, ದರ ಆಮೇಲೆ. ಊರಿನ ಎಲ್ಲ ಆಸ್ತಿಗಳ ಮೌಲ್ಯ 1,000 ಕೋಟಿ, ತೆರಿಗೆಯಿಂದ ಬೇಕಾದ ಹಣ 8 ಕೋಟಿ ಎಂದಿರಲಿ. ಆಗ ದರ ಶೇ. 0.8, 50 ಲಕ್ಷದ ಮನೆಗೆ ತೆರಿಗೆ 40,000. ಮರುಮೌಲ್ಯಮಾಪನದಲ್ಲಿ ಊರಿನ ಒಟ್ಟು ಮೌಲ್ಯ ಶೇ. 40 ಏರಿ 1,400 ಕೋಟಿ ಆಯಿತು, ಬೇಕಾದ ಹಣ ಅದೇ 8 ಕೋಟಿ. ದರ ಸುಮಾರು ಶೇ. 0.571ಕ್ಕೆ ಇಳಿಯುತ್ತದೆ. ನಿಮ್ಮ ಮನೆಯೂ ಶೇ. 40 ಏರಿ 70 ಲಕ್ಷ ಆಗಿದ್ದರೆ ತೆರಿಗೆ ಮತ್ತೆ 40,000. ನಿಮ್ಮ ಹಾಗೆ ಶೇ. 60 ಏರಿ 80 ಲಕ್ಷ ಆಗಿದ್ದರೆ ಸುಮಾರು 45,700. ಶೇ. 20 ಮಾತ್ರ ಏರಿ 60 ಲಕ್ಷ ಆದವರಿಗೆ ಸುಮಾರು 34,300. ಮೌಲ್ಯ ಏರಿದರೂ ಅವರ ತೆರಿಗೆ ಇಳಿಯಿತು. ಹಾಗಾಗಿ ನೋಟಿಸು ಬಂದಾಗ ನಿಮ್ಮ ಏರಿಕೆಯ ಜೊತೆಗೆ ಊರಿನ ಸರಾಸರಿ ಏರಿಕೆಯನ್ನೂ ಕೇಳಿ ತಿಳಿಯಿರಿ. ತೆರಿಗೆ ಏರುವುದು ಆ ಎರಡರ ಅಂತರದಿಂದ.

ಇನ್ನೊಂದು ಬಗೆಯಲ್ಲಿ ದರ ಕಾನೂನಿನಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಮೌಲ್ಯ ಏರಿದರೂ ಇಳಿಯುವುದಿಲ್ಲ. ಅಲ್ಲಿ ಶೇ. 60 ಅಂದರೆ ಪೂರ್ತಿ ಶೇ. 60. ಚುನಾಯಿತರು ದರ ಮುಟ್ಟದೆಯೇ ವರಮಾನ ಹೆಚ್ಚಿಸಿಕೊಳ್ಳುವ ದಾರಿ ಇದು. ಹಾಗಾಗಿ ಆಯವ್ಯಯ ಸಭೆಯಲ್ಲಿ ದರ ಎಷ್ಟು ಎಂದು ಕೇಳುವುದಕ್ಕಿಂತ ಒಟ್ಟು ಸಂಗ್ರಹ ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು ಎಂದು ಕೇಳುವುದು ಮೇಲು.

ಮರುಮೌಲ್ಯಮಾಪನವನ್ನು ಮುಂದೂಡುತ್ತಾ ಹೋದರೆ ಎಲ್ಲರಿಗೂ ಒಳ್ಳೆಯದು ಎನಿಸುತ್ತದೆ, ಆದರೆ ಹಾಗಾಗುವುದಿಲ್ಲ. ಇಂಗ್ಲೆಂಡಿನ ಕೌನ್ಸಿಲ್ ತೆರಿಗೆ 1993ರಲ್ಲಿ ಶುರುವಾಯಿತು. ಮನೆಗಳನ್ನು ಎ ಇಂದ ಎಚ್‌ವರೆಗೆ ಎಂಟು ಪಟ್ಟಿಗಳಲ್ಲಿ ಕೂರಿಸುವುದು ಇಂದಿಗೂ 1991ರ ಏಪ್ರಿಲ್ 1ರ ಬೆಲೆಯ ಮೇಲೆ. ಅಲ್ಲಿಂದೀಚೆಗೆ ಬೆಲೆ ಜಿಗಿದ ಬಡಾವಣೆಯೂ ಜಿಗಿಯದ ಬಡಾವಣೆಯೂ ಹಳೆಯ ಪಟ್ಟಿಯಲ್ಲೇ ಇವೆ. ಜಿಗಿಯದ ಕಡೆಯವರು ತಮ್ಮ ಪಾಲಿಗಿಂತ ಹೆಚ್ಚು ಹೊರುತ್ತಿದ್ದಾರೆ.

ಪ್ರಶ್ನೆ: ಮನೆ ಕೊಳ್ಳಬೇಕೆಂದಿದ್ದೇವೆ. ತೆರಿಗೆ ಕಡಿಮೆ ಇರುವ ಊರನ್ನೇ ಆರಿಸಿದರೆ ಲಾಭವೇ?

ಉತ್ತರ: ಆ ಲಾಭವನ್ನು ಮಾರುವವರು ಈಗಾಗಲೇ ಬೆಲೆಯಲ್ಲಿ ಸೇರಿಸಿರುವ ಸಾಧ್ಯತೆ ಹೆಚ್ಚು. ಎಲ್ಲ ರೀತಿಯಲ್ಲೂ ಒಂದೇ ಥರದ ಎರಡು ಮನೆಗಳಲ್ಲಿ ಒಂದಕ್ಕೆ ವರ್ಷಕ್ಕೆ 12,000 ಹೆಚ್ಚು ತೆರಿಗೆ ಇದ್ದರೆ, ಶೇ. 6ರ ಬಡ್ಡಿಯ ಲೆಕ್ಕದಲ್ಲಿ ಅದರ ಬೆಲೆ ಸುಮಾರು 2 ಲಕ್ಷ ಕಡಿಮೆ ಇರಬೇಕು (12,000 ಭಾಗಿಸು 0.06). ಅಷ್ಟು ಕಡಿಮೆಗೆ ಸಿಕ್ಕರೆ ನಿಮಗೆ ಎರಡೂ ಒಂದೇ. ಅದಕ್ಕಿಂತ ಕಡಿಮೆಗೆ ಸಿಕ್ಕರೆ ಹೆಚ್ಚು ತೆರಿಗೆಯ ಮನೆಯೇ ಲಾಭ. ಹೆಚ್ಚು ತೆರಿಗೆಗೆ ಪ್ರತಿಯಾಗಿ ನೀರು, ಚರಂಡಿ, ಶಾಲೆ ಚೆನ್ನಾಗಿದ್ದರೆ ಬೆಲೆ ಇಳಿಯುವುದೇ ಇಲ್ಲ.

ಇದರ ಮತ್ತೊಂದು ಮುಖ ಕಹಿಯಾದದ್ದು. ದರ ಏರಿದ ದಿನ ಮನೆ ಯಾರ ಹೆಸರಲ್ಲಿದೆಯೋ ಮುಂದಿನ ವರ್ಷಗಳ ಹೊರೆಯೆಲ್ಲ ಅವರ ತಲೆಗೇ. ಮಾರಿ ತಪ್ಪಿಸಿಕೊಳ್ಳಲು ಹೋದರೆ ಕೊಳ್ಳುವವರು ಆ ಹೊರೆಯನ್ನು ಬೆಲೆಯಲ್ಲಿ ಮುರಿದುಕೊಂಡೇ ಹಣ ಕೊಡುತ್ತಾರೆ.

ಮುಂಗಡ ಕೊಡುವ ಮೊದಲು ಮೂರು ವರ್ಷದ ತೆರಿಗೆ ರಸೀದಿ ಕೇಳಿ ಪಡೆಯಿರಿ. ರಸೀದಿಯ ಮೊತ್ತವೇ ನಿಮಗೂ ಬರುತ್ತದೆ ಎಂದು ಮಾತ್ರ ಎಣಿಸಬೇಡಿ. ಮಾರುವವರಿಗೆ ಹಿರಿಯ ನಾಗರಿಕರ ರಿಯಾಯಿತಿ ಇದ್ದಿರಬಹುದು, ನಿವೃತ್ತ ಸೈನಿಕರ ವಿನಾಯಿತಿ ಇದ್ದಿರಬಹುದು. ಅವು ಮನೆಯ ಜೊತೆ ಬರುವುದಿಲ್ಲ, ಮನುಷ್ಯನ ಜೊತೆ ಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೂ ತೀವ್ರ. 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾವದಂತೆ ಮೂಲ ದರ ಶೇ. 1 ಮೀರುವಂತಿಲ್ಲ, ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದರೆ ಮನೆ ಕೈ ಬದಲಾದ ಕೂಡಲೇ ಮೌಲ್ಯ ಮಾರುಕಟ್ಟೆ ಬೆಲೆಗೆ ಹಾರುತ್ತದೆ. ಮೂವತ್ತು ವರ್ಷದಿಂದ ವಾಸಿಸುವ ನೆರೆಯವರು ಕಟ್ಟುವುದರ ಹಲವು ಪಟ್ಟನ್ನು ಹೊಸಬರು ಕಟ್ಟುವುದು ಅಲ್ಲಿ ಮಾಮೂಲು.

ಪ್ರಶ್ನೆ: ನಮ್ಮ ಮನೆಯ ಮೌಲ್ಯವನ್ನು ಹೆಚ್ಚಾಗಿ ನಿಗದಿ ಮಾಡಿದ್ದಾರೆ ಎಂಬ ಅನುಮಾನವಿದೆ. ಆಕ್ಷೇಪಣೆ ಸಲ್ಲಿಸುವುದು ಹೇಗೆ? ವಕೀಲರು ಬೇಕೇ?

ಉತ್ತರ: ಸಾಧಾರಣ ವಾಸದ ಮನೆಗೆ ವಕೀಲರು ಬೇಕಾಗುವುದು ಅಪರೂಪ. ಟೇಪು, ಕ್ಯಾಮೆರಾ, ಎರಡು ದಿನದ ಬಿಡುವು ಸಾಕು.

ಮೊದಲು ನಿಮ್ಮ ಆಸ್ತಿಯ ದಾಖಲೆ ಪತ್ರದ ನಕಲು ಪಡೆಯಿರಿ. ಬಿಲ್ಲಿನಲ್ಲಿ ಮೊತ್ತ ಮಾತ್ರ ಇರುತ್ತದೆ. ವಿಸ್ತೀರ್ಣ, ಮಹಡಿ, ಕಟ್ಟಿದ ವರ್ಷ, ಛಾವಣಿಯ ಬಗೆ, ಬಳಕೆ, ವಲಯ ಇವೆಲ್ಲ ಇರುವುದು ದಾಖಲೆ ಪತ್ರದಲ್ಲಿ, ತಪ್ಪುಗಳು ಕೂತಿರುವುದೂ ಅಲ್ಲೇ. ಮಾರುಕಟ್ಟೆ ಬೆಲೆಯ ಬಗ್ಗೆ ವಾದ ಹೂಡಿದರೆ ಅಧಿಕಾರಿಯ ಅಭಿಪ್ರಾಯಕ್ಕೆ ನಿಮ್ಮ ಅಭಿಪ್ರಾಯ ಎದುರು ನಿಲ್ಲಬೇಕು. ಅಳತೆಯ ತಪ್ಪು ತೋರಿಸಿದರೆ ಟೇಪೇ ಸಾಕ್ಷಿ. ಆದ್ದರಿಂದ ಅಳತೆಯಿಂದಲೇ ಶುರು ಮಾಡಿ.

ಹೊರಗೋಡೆಯಿಂದ ಹೊರಗೋಡೆಗೆ ಅಳೆಯಿರಿ. ಬಹುತೇಕ ಕಡೆ ಕಟ್ಟಡದ ವಿಸ್ತೀರ್ಣ ಎಂದರೆ ಅದೇ. 30 × 40 ಅಡಿಯ ಒಂದು ಅಂತಸ್ತಿನ ಮನೆ 1,200 ಚದರಡಿ. ದಾಖಲೆಯಲ್ಲಿ 1,380 ಎಂದಿದ್ದರೆ ಹೆಚ್ಚುವರಿ 180 ಎಲ್ಲಿಂದ ಬಂತು ನೋಡಿ. 10 × 12ರ ಪೋರ್ಟಿಕೋವನ್ನು ಕೋಣೆಯೆಂದು ಬರೆದಿರಬಹುದು, ಅದು 120. ಆಕಾಶಕ್ಕೆ ತೆರೆದ 6 × 10ರ ಗಾಳಿಕಿಂಡಿಯ ಜಾಗವನ್ನೂ ಸೇರಿಸಿರಬಹುದು, ಅದು 60. ಪೋರ್ಟಿಕೋ, ಬಾಲ್ಕನಿ, ಮೆಟ್ಟಿಲು, ಕಾರು ನಿಲ್ಲುವ ಜಾಗ ಇವುಗಳಿಗೆ ಪೂರ್ತಿ ಲೆಕ್ಕವೋ ಅರ್ಧ ಲೆಕ್ಕವೋ ಎಂಬುದನ್ನು ನಿಮ್ಮ ಊರಿನ ನಿಯಮದಲ್ಲಿ ಓದಿಯೇ ಅರ್ಜಿ ಬರೆಯಿರಿ. ಶೇ. 15ರ ಈ ಹೆಚ್ಚಳ ಒಂದು ವರ್ಷದ್ದಲ್ಲ, ತಿದ್ದಿಸುವವರೆಗೆ ಪ್ರತಿ ವರ್ಷವೂ ಬರುತ್ತದೆ.

ವಿಸ್ತೀರ್ಣದ ನಂತರ ಹೆಚ್ಚಾಗಿ ಸಿಗುವ ತಪ್ಪುಗಳು: ಹಳೆಯ ಕಟ್ಟಡಕ್ಕೆ ಹೊಸ ವರ್ಷ ನಮೂದಾಗಿ ಸವಕಳಿ ತಪ್ಪಿರುವುದು, ಶೀಟಿನ ಛಾವಣಿಯನ್ನು ಕಾಂಕ್ರೀಟು ಎಂದು ಬರೆದಿರುವುದು, ಮುಂದಿನ ಒಂದು ಕೋಣೆಯಲ್ಲಿ ಅಂಗಡಿ ಇದ್ದ ಕಾರಣಕ್ಕೆ ಇಡೀ ಮನೆಯನ್ನು ವಾಣಿಜ್ಯ ಬಳಕೆಗೆ ಸೇರಿಸಿರುವುದು, ರಸ್ತೆಯ ಆಚೆ ಬದಿಯ ದುಬಾರಿ ವಲಯಕ್ಕೆ ಮನೆಯನ್ನು ದಾಟಿಸಿರುವುದು. ಬಂಡವಾಳ ಮೌಲ್ಯದ ಪದ್ಧತಿಯಲ್ಲಿ ನಿವೇಶನವನ್ನೂ ಪ್ರತ್ಯೇಕವಾಗಿ ನೋಡಿ. ಅದರ ಮೇಲೆ ಹೈಟೆನ್ಷನ್ ತಂತಿ ಹಾದಿದ್ದರೆ, ಒಂದು ಪಟ್ಟಿ ರಾಜಕಾಲುವೆಗೆ ಬಿಡಬೇಕಾಗಿದ್ದರೆ, ಬೆಲೆ ಕಡಿಮೆಯಾಗಲೇಬೇಕು.

ಅಳತೆಯೆಲ್ಲ ಸರಿಯಾಗಿದ್ದೂ ಮೌಲ್ಯ ಹೆಚ್ಚೆನಿಸಿದರೆ ಹೋಲಿಕೆಗೆ ಇಳಿಯಿರಿ. ಅದೇ ಬೀದಿ ಅಥವಾ ಪಕ್ಕದ ಬೀದಿಯ ಮೂರರಿಂದ ಐದು ಮನೆ, ವಿಸ್ತೀರ್ಣದಲ್ಲಿ ಶೇ. 15ಕ್ಕಿಂತ, ವಯಸ್ಸಿನಲ್ಲಿ ಐದು ವರ್ಷಕ್ಕಿಂತ ಹೆಚ್ಚು ಅಂತರವಿಲ್ಲದವು. ಅವುಗಳ ನಿಗದಿತ ಮೌಲ್ಯವನ್ನು ಚದರಡಿಗೆ ಇಳಿಸಿ. ಅವು 3,500ರಿಂದ 3,700ರ ನಡುವೆ ಇದ್ದು ನಿಮ್ಮದು 4,200 ಆಗಿದ್ದರೆ, 3,600 ನಡುವಣ ಅಂಕಿ ಎಂದು ಹಿಡಿದರೆ 1,200 ಚದರಡಿಗೆ 7.2 ಲಕ್ಷದ ಅಂತರ. ದರ ಶೇ. 0.8 ಇದ್ದರೆ ವರ್ಷಕ್ಕೆ 5,760. ಮಾರಾಟದ ಬೆಲೆ ಹೋಲಿಸುವುದಾದರೆ ಮೌಲ್ಯಮಾಪನದ ದಿನಾಂಕ ತಪ್ಪದೆ ನೋಡಿಕೊಳ್ಳಿ. ಜನವರಿ 1ರ ಬೆಲೆಯ ಮೇಲೆ ನಿಗದಿಯಾದ ಮೌಲ್ಯಕ್ಕೆ ಆಗಸ್ಟಿನಲ್ಲಿ ಕುಸಿದ ಬೆಲೆ ತೋರಿಸಿದರೆ ಅದನ್ನು ಪರಿಗಣಿಸುವುದಿಲ್ಲ. ಒಳ್ಳೆಯ ಅರ್ಜಿಗಳೂ ಸೋಲುವುದು ಇಲ್ಲಿ.

ಅರ್ಜಿಯಲ್ಲಿ ಹೀಗಿರಲಿ: ದಾಖಲೆಯಲ್ಲಿ ಏನಿದೆ, ಸರಿಯಾದದ್ದು ಏನು, ಪುರಾವೆ ಯಾವುದು, ಯಾವ ಮೌಲ್ಯ ನಿಗದಿ ಮಾಡಬೇಕೆಂದು ಕೇಳುತ್ತೀರಿ. ಕೊನೆಯದನ್ನು ಅಂಕಿಯಲ್ಲೇ ಬರೆಯಿರಿ; "ಕಡಿಮೆ ಮಾಡಿಕೊಡಬೇಕು" ಎಂಬ ಬೇಡಿಕೆಗೆ ನೂರು ಕಡಿಮೆ ಮಾಡಿದರೂ ಉತ್ತರ ಕೊಟ್ಟಂತಾಗುತ್ತದೆ. "ತೆರಿಗೆ ವಿಪರೀತ", "ನಮ್ಮ ಆದಾಯ ಕಡಿಮೆ", "ರಸ್ತೆಯಲ್ಲಿ ಗುಂಡಿ ಬಿದ್ದಿದೆ" ಇವು ನಿಜವೇ ಇರಬಹುದು, ಆದರೆ ಮೌಲ್ಯದ ಆಕ್ಷೇಪಣೆಯಲ್ಲಿ ತೂಕವಿಲ್ಲದ ಮಾತುಗಳು. ಅವಧಿ ಹಲವೆಡೆ ನೋಟಿಸಿನ ದಿನದಿಂದ 30ರಿಂದ 60 ದಿನ ಮಾತ್ರ. ಎಣಿಕೆ ಶುರುವಾಗುವುದು ಮೌಲ್ಯದ ನೋಟಿಸಿನಿಂದ. ತೆರಿಗೆ ಬಿಲ್ಲು ಬರುವವರೆಗೆ ಕಾದರೆ ಬಾಗಿಲು ಮುಚ್ಚಿರುತ್ತದೆ. ಅರ್ಜಿ ಬಾಕಿ ಇದ್ದರೂ ತೆರಿಗೆಯನ್ನು "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಕಟ್ಟಿಬಿಡಿ. ಗೆದ್ದರೆ ಹಣ ವಾಪಸು ಬರುತ್ತದೆ ಇಲ್ಲವೆ ಮುಂದಿನ ಬಿಲ್ಲಿಗೆ ಜಮೆಯಾಗುತ್ತದೆ. ಕಟ್ಟದೆ ಕೂತು ಸೋತರೆ ಬಡ್ಡಿಯೂ ಸೇರುತ್ತದೆ.

ಒಂದು ಎಚ್ಚರಿಕೆ. ದಾಖಲೆಯಲ್ಲಿ ಇಲ್ಲದ ಕೋಣೆಯೊಂದು ನಿಮ್ಮ ಮಹಡಿಯ ಮೇಲಿದ್ದರೆ, ಸ್ಥಳ ಪರಿಶೀಲನೆಗೆ ಬಂದವರು ಅದನ್ನೂ ಬರೆದುಕೊಂಡು ಹೋಗುತ್ತಾರೆ.

ಪ್ರಶ್ನೆ: ಸುಣ್ಣಬಣ್ಣ, ಹೊಸ ಟೈಲ್ಸ್ ಮಾಡಿಸಿದರೆ ತೆರಿಗೆ ಏರುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಸೋರುವ ತಾರಸಿ, ಹಾಳಾದ ಪೈಪು, ಕಿಟಕಿ ಇವೆಲ್ಲ ದುರಸ್ತಿ. ತೆರಿಗೆ ಏರಿಸುವವು ವಿಸ್ತೀರ್ಣ, ಮಹಡಿ ಮತ್ತು ಬಳಕೆಯ ಬದಲಾವಣೆ. ಪೂರ್ತಿ ಬೆಲೆಯ ಮೇಲೆ ತೆರಿಗೆ ಹಾಕುವ ಊರುಗಳಲ್ಲಿ ಮನೆಯನ್ನು ಬುಡದಿಂದ ನವೀಕರಿಸಿದರೂ ಏರಬಹುದು. ಸ್ವಯಂ ಘೋಷಣೆಯ ಪದ್ಧತಿ ಇರುವಲ್ಲಿ ಹೊಸ ಮಹಡಿಯನ್ನು ಘೋಷಿಸದೆ ಬಿಡುವುದು ದುಬಾರಿಯಾದ ಉಳಿತಾಯ. ಸಿಕ್ಕಿಬಿದ್ದಾಗ ಹಿಂದಿನ ವರ್ಷಗಳ ವ್ಯತ್ಯಾಸ, ಬಡ್ಡಿ, ದಂಡ ಮೂರೂ ಒಟ್ಟಿಗೆ ಬರುತ್ತವೆ, ಅದೂ ಬಹುಪಾಲು ಮನೆ ಮಾರುವ ಹೊತ್ತಿಗೆ.

ಪ್ರಶ್ನೆ: ಒಂದೇ ಕಂತಿನಲ್ಲಿ ಮೊದಲ ತಿಂಗಳೇ ಕಟ್ಟಿದರೆ ಶೇ. 5 ರಿಯಾಯಿತಿ. ಇಲ್ಲವೆ ಆರು ತಿಂಗಳ ಅಂತರದಲ್ಲಿ ಎರಡು ಕಂತು. ಯಾವುದು ಮೇಲು?

ಉತ್ತರ: ಕೈಯಲ್ಲಿ ಹಣವಿದ್ದರೆ ಒಂದೇ ಕಂತು, ಎರಡು ಮಾತಿಲ್ಲ. ಬಿಲ್ಲು 20,000 ಎಂದಿರಲಿ. ಒಂದೇ ಕಂತಿಗೆ 19,000. ಕಂತಿನಲ್ಲಾದರೆ ಈಗ 10,000, ಆರು ತಿಂಗಳಿಗೆ 10,000. ಅಂದರೆ ಈಗ 9,000 ಹೆಚ್ಚು ಕೊಟ್ಟು ಆರು ತಿಂಗಳ ನಂತರದ 10,000 ಉಳಿಸುತ್ತೀರಿ. ಆರೇ ತಿಂಗಳಲ್ಲಿ ಶೇ. 11ರ ಮೇಲೆ ಗಳಿಕೆ. ಯಾವ ಠೇವಣಿಯೂ ಇಷ್ಟು ಕೊಡುವುದಿಲ್ಲ. ಇನ್ನು ತಡಮಾಡಿದವರಿಗೆ ತಿಂಗಳಿಗೆ ಶೇ. 2 ಬಡ್ಡಿ ಹಾಕುವ ಕಡೆ ಅದು ವರ್ಷಕ್ಕೆ ಶೇ. 24.

ಪ್ರಶ್ನೆ: ನಾವಿರುವ ದೇಶದಲ್ಲಿ ಗೃಹಸಾಲದ ಕಂತಿನ ಜೊತೆಗೇ ಬ್ಯಾಂಕು ಆಸ್ತಿ ತೆರಿಗೆಯನ್ನೂ ವಸೂಲಿ ಮಾಡಿ ಕಟ್ಟುತ್ತದೆ. ಬಡ್ಡಿ ಸ್ಥಿರವಾಗಿದ್ದರೂ ಕಂತು ತಿಂಗಳಿಗೆ 2,000 ಏರಿದೆ. ತೆರಿಗೆ ಏರಿದ್ದು ವರ್ಷಕ್ಕೆ 12,000 ಮಾತ್ರ. ಬ್ಯಾಂಕು ಎರಡು ಪಟ್ಟು ಹಿಡಿಯುತ್ತಿದೆಯೇ?

ಉತ್ತರ: ಲೆಕ್ಕ ಸರಿಯಿದೆ. ತೆರಿಗೆ 36,000 ಇದ್ದಾಗ ತಿಂಗಳಿಗೆ 3,000 ತೆಗೆದಿಡುತ್ತಿದ್ದರು. ಬಿಲ್ಲು 48,000 ಬಂತು, ಬ್ಯಾಂಕು ಪೂರ್ತಿ ಕಟ್ಟಿತು, ನಿಮ್ಮ ಖಾತೆಯಲ್ಲಿ 12,000 ಕೊರತೆ ಬಿತ್ತು. ಈಗ ಹೊಸ ವರ್ಷಕ್ಕೆ ತಿಂಗಳಿಗೆ 4,000 ಬೇಕು, ಹಳೆಯ ಕೊರತೆ ತುಂಬಲು ಇನ್ನೊಂದು 1,000, ಸೇರಿ 5,000. ಕೊರತೆ ತುಂಬಿದ ಮೇಲೆ ಕಂತು ಸಾವಿರ ಇಳಿಯಬೇಕು. ಇಳಿಯದಿದ್ದರೆ ಆಗ ಪತ್ರ ಬರೆಯಿರಿ. ಕೊರತೆಯ 12,000ವನ್ನು ಒಮ್ಮೆಗೇ ಕಟ್ಟಲು ಬ್ಯಾಂಕು ಒಪ್ಪಿದರೆ ಕಂತಿನಲ್ಲಿ ತೆರಿಗೆಯ ಪಾಲು ಈಗಲೇ 4,000ಕ್ಕೆ ನಿಲ್ಲುತ್ತದೆ. ಹೊಸದಾಗಿ ಕಟ್ಟಿದ ಮನೆ ಕೊಂಡವರು ಇನ್ನೂ ದೊಡ್ಡ ಜಿಗಿತಕ್ಕೆ ಸಿದ್ಧರಿರಬೇಕು. ಮೊದಲ ವರ್ಷದ ಬಿಲ್ಲು ಕೆಲವೊಮ್ಮೆ ಖಾಲಿ ನಿವೇಶನದ್ದು ಮಾತ್ರ ಆಗಿರುತ್ತದೆ.

ಪ್ರಶ್ನೆ: ಪಿಂಚಣಿ ಬಿಟ್ಟರೆ ಬೇರೆ ಆದಾಯವಿಲ್ಲ. ಮನೆಯ ಬೆಲೆ ಏರಿದಂತೆ ತೆರಿಗೆ ಏರುತ್ತಿದೆ. ತೆರಿಗೆಯನ್ನು ಮುಂದೂಡುವ ಯೋಜನೆಗೆ ಸೇರಬಹುದೇ?

ಉತ್ತರ: ಬೆಲೆ ಏರಿದ್ದು ಗೋಡೆಯಲ್ಲಿ, ತೆರಿಗೆ ಕಟ್ಟಬೇಕಾದ್ದು ಜೇಬಿನಿಂದ. ಆಸ್ತಿ ತೆರಿಗೆಯ ದೊಡ್ಡ ಕುಂದು ಇದೇ. ಮುಂದೂಡಿಕೆಯಲ್ಲಿ ತೆರಿಗೆ ಮಾಫಿಯಾಗುವುದಿಲ್ಲ. ಮನೆಯ ಮೇಲಿನ ಸಾಲವಾಗಿ ಬೆಳೆಯುತ್ತದೆ. ವರ್ಷಕ್ಕೆ 30,000ದಂತೆ ಹತ್ತು ವರ್ಷ, ಶೇ. 5 ಚಕ್ರಬಡ್ಡಿ ಎಂದರೆ ಕೊನೆಗೆ ಸುಮಾರು 3.77 ಲಕ್ಷ. ಮನೆ ಮಾರಿದಾಗ ಅಥವಾ ವಾರಸುದಾರರಿಗೆ ಹೋದಾಗ ಅಷ್ಟನ್ನೂ ತೀರಿಸಬೇಕು. ಮಕ್ಕಳಿಗೆ ಮೊದಲೇ ಹೇಳಿ ಸೇರಿದರೆ ತಪ್ಪೇನಿಲ್ಲ.

ಅದಕ್ಕೂ ಮೊದಲು ರಿಯಾಯಿತಿಗಳನ್ನು ಪೂರ್ತಿ ಬಳಸಿಕೊಳ್ಳಿ. ವಯಸ್ಸು, ಅಂಗವೈಕಲ್ಯ, ಸೈನಿಕ ಸೇವೆ, ಸ್ವಂತ ವಾಸ, ಸಣ್ಣ ಮನೆ ಹೀಗೆ ಬಗೆಬಗೆಯವಿವೆ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಕಾಲು ಭಾಗ ಕಡಿತ. ಇಂಥವು ಕೇಳದೆ ಸಿಗುವುದು ಕಡಿಮೆ. ಇನ್ನೊಂದು ವಿಷಯ: ಪ್ರೀತಿಯಿಂದ ಮನೆಯನ್ನು ಮಗ ಅಥವಾ ಮಗಳ ಹೆಸರಿಗೆ ದಾನಪತ್ರ ಮಾಡಿದರೆ ನಿಮ್ಮ ವಯಸ್ಸಿನ ರಿಯಾಯಿತಿ ಅದೇ ದಿನ ಹೋಗುತ್ತದೆ. ನೋಂದಣಿಗೆ ಮೊದಲು ಈ ಲೆಕ್ಕವನ್ನೂ ಹಾಕಿ.

ಪ್ರಶ್ನೆ: ಮನೆ ಬಾಡಿಗೆಗಿದೆ. ತೆರಿಗೆ ಏರಿದ್ದನ್ನು ಬಾಡಿಗೆದಾರರಿಂದ ಪಡೆಯಬಹುದೇ?

ಉತ್ತರ: ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಬಾಡಿಗೆ ನಿಲ್ಲುವುದು ಪಕ್ಕದ ಮನೆಯ ಬಾಡಿಗೆಯ ಮೇಲೆ, ನಿಮ್ಮ ತೆರಿಗೆಯ ಮೇಲಲ್ಲ. ಭಾರತದಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಒಂದು ಸಮಾಧಾನ: ಬಾಡಿಗೆ ಆದಾಯದಿಂದ ಆಸ್ತಿ ತೆರಿಗೆಯನ್ನು ಕಳೆಯಬಹುದು. ಆದರೆ ಮಾಲೀಕರೇ ಕಟ್ಟಿರಬೇಕು, ಅದೇ ಹಣಕಾಸು ವರ್ಷದಲ್ಲಿ ನಿಜವಾಗಿ ಕಟ್ಟಿರಬೇಕು. ಮಾರ್ಚ್ ದಾಟಿ ಕಟ್ಟಿದರೆ ಆ ವರ್ಷದ ಲೆಕ್ಕಕ್ಕೆ ಬಾರದು.

ಪ್ರಶ್ನೆ: ಕೆಲವು ವರ್ಷ ಕಟ್ಟದೆ ಬಿಟ್ಟರೆ ಏನಾಗುತ್ತದೆ? ಮನೆಯನ್ನೇನೂ ತೆಗೆದುಕೊಳ್ಳುವುದಿಲ್ಲವಲ್ಲ?

ಉತ್ತರ: ತೆಗೆದುಕೊಳ್ಳುತ್ತಾರೆ. ಬಾಕಿ ತೆರಿಗೆ ಬರಿಯ ಸಾಲವಲ್ಲ, ಮನೆಯ ಮೇಲಿನ ಹಕ್ಕು. ಹಲವು ಕಡೆ ಬ್ಯಾಂಕಿನ ಅಡಮಾನಕ್ಕಿಂತಲೂ ಮುಂದೆ ನಿಲ್ಲುವ ಹಕ್ಕು. ಅಮೆರಿಕದ ಮಿನ್ನೆಸೋಟ ರಾಜ್ಯದ ಹೆನ್ನೆಪಿನ್ ಕೌಂಟಿಯಲ್ಲಿ ಬಡ್ಡಿ, ದಂಡ ಸೇರಿ ಸುಮಾರು 15,000 ಡಾಲರ್ ಬಾಕಿಗೆ ವೃದ್ಧೆಯೊಬ್ಬರ ಮನೆಯನ್ನು 40,000 ಡಾಲರಿಗೆ ಮಾರಿ, ಉಳಿದ 25,000 ಡಾಲರನ್ನೂ ಕೌಂಟಿಯೇ ಇಟ್ಟುಕೊಂಡಿತ್ತು. ಬಾಕಿಗಿಂತ ಹೆಚ್ಚಾದ ಹಣ ಮಾಲೀಕರದೇ ಎಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ಹೆಚ್ಚುವರಿ ಹಣದ ಹಕ್ಕು ಉಳಿಯಿತು, ಮನೆ ಉಳಿಯಲಿಲ್ಲ.

ಕಟ್ಟಲಾಗದ ಸ್ಥಿತಿಯಿದ್ದರೆ ನೋಟಿಸಿಗೆ ಮೊದಲೇ ಕಂತಿನ ಒಪ್ಪಂದ ಕೇಳಿ. ಅಸಲಿಗೆ ರಿಯಾಯಿತಿ ಸಿಗದಿದ್ದರೂ ದಂಡ ಮನ್ನಾ ಆಗುವ ಅವಕಾಶ ಆಗ ಹೆಚ್ಚು.

ಪ್ರಶ್ನೆ: ಪ್ರತಿ ವರ್ಷ ಕಟ್ಟುತ್ತಾ ಬಂದಿದ್ದೇವೆ, ರಸೀದಿಯೂ ಇದೆ. ಆದರೂ ಎರಡು ವರ್ಷದ ಬಾಕಿ ಎಂದು ನೋಟಿಸು ಬಂದಿದೆ.

ಉತ್ತರ: ರಸೀದಿಯಲ್ಲಿನ ಆಸ್ತಿ ಸಂಖ್ಯೆಯನ್ನು ನೋಟಿಸಿನ ಸಂಖ್ಯೆಯೊಡನೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ಆನ್‌ಲೈನಿನಲ್ಲಿ ಒಂದು ಅಂಕಿ ತಪ್ಪಿ ಬೇರೆಯವರ ಮನೆಗೆ ಜಮೆಯಾಗುವುದುಂಟು. ಹಳೆಯ ಸಂಖ್ಯೆ ರದ್ದಾಗಿ ಹೊಸದು ಬಂದಾಗ ಹಣ ಹಳೆಯ ಖಾತೆಯಲ್ಲೇ ಉಳಿಯುವುದೂ ಉಂಟು. ರಸೀದಿ, ಬ್ಯಾಂಕಿನ ವಹಿವಾಟು ಸಂಖ್ಯೆ, ಎರಡೂ ಆಸ್ತಿ ಸಂಖ್ಯೆ ಬರೆದು ಜಮಾ ವರ್ಗಾವಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವರ್ಗಾವಣೆ ಆದ ಮೇಲೆ ಆ ಎರಡು ವರ್ಷಕ್ಕೆ ಹಾಕಿದ್ದ ಬಡ್ಡಿಯೂ ಅಳಿಸಿದೆಯೇ ಎಂದು ಹೊಸ ಬಿಲ್ಲು ತೆಗೆಸಿ ನೋಡಿ. ಅಸಲು ಜಮೆಯಾಗಿ ಬಡ್ಡಿ ಹಾಗೇ ನಿಂತಿರುವುದು ಸಾಮಾನ್ಯ.